ಗಾಳಿಮರಿಯ ಕಟಕಟ

ರಾಯಚೂರಿನಲ್ಲಿ ಕಾರಿನ ಏಸಿಗೆ ಗ್ಯಾಸ್ ತುಂಬುವುದನ್ನು ಬಿಟ್ಟು, ಗುಡ್ಡದಿಂದ ಹಿಡಿದು ತಂದ ಗಾಳಿಮರಿಯನ್ನು ಕೂರಿಸತೊಡಗಿ ಏಳೆಂಟು ವರ್ಷವಾಗಿತ್ತು. ನಾಗವೇಣಿಯ ಹೊಸ ಕಾರಿನ ಗಾಳಿಮರಿ ವಾರದಿಂದ ಕಟಕಟ ಸದ್ದು ಮಾಡುತ್ತಿತ್ತು. ಇವತ್ತು ತಂಪನ್ನೂ ನಿಲ್ಲಿಸಿತ್ತು. ಇನ್ನೊಂದು ತಾಸಿಗೆ ರಿಜಿಸ್ಟ್ರಾರ್ ಆಫೀಸಿನಲ್ಲಿ ಅವಳ ಮದುವೆ. ಪಕ್ಕದಲ್ಲಿ ಮದುಮಗ ಈರಣ್ಣ ಬೆವರಿ ತೊಪ್ಪೆಯಾಗಿದ್ದ.

ದಾರಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಶಹತಾಜ್ ಡ್ಯಾಶ್‌ಬೋರ್ಡಿಗೆ ಕಿವಿಯಿಟ್ಟು ನಕ್ಕಳು. “ಜಡ್ಡಿಲ್ಲ, ಏನಿಲ್ಲ. ಏನೋ ಹಿಡ್ಕೊಂಡು ಆಡ್ಲಿಕತ್ತದ. ಒಳಗ ಏನರ ಬಿದ್ದದೇನವ್ವ?”

“ಹೋದ ವಾರ ಕಾರಿನ ಪೂಜಿ ದಿನ ನಮ್ಮವ್ವ ಮುಷ್ಟಿಗಟ್ಲೆ ಅಕ್ಕಿಕಾಳು ಹಾಕಿದ್ಲು,” ಎಂದ ನಾಗವೇಣಿಯ ದನಿ ಇಳಿಯಿತು. ಅದೇ ಅವ್ವ ಬೆಳಿಗ್ಗೆ, “ಅಕ್ಕಿಕಾಳು ಬೀಳದ ಮದುವಿಗಿ ನಾ ಬರಂಗಿಲ್ಲ,” ಎಂದು ಬಾಗಿಲು ಹಾಕಿಕೊಂಡಿದ್ದಳು.

ಶಹತಾಜ್ ಫಿಲ್ಟರ್ ಬಿಚ್ಚಿ, ಪೇಂಟಿನ ಬ್ರಶ್ಶನ್ನು ಒಳಗೆ ತೂರಿಸಿ ಗಾಳಿಮರಿಗೆ ಕಚಗುಳಿಯಿಟ್ಟಳು. ಅದು ತಡೆಯಲಾರದೆ ಕಿಲಕಿಲ ನಕ್ಕು, ಇಡೀ ಕಾರನ್ನು ಕುಣಿಸಿ, ಬಚ್ಚಿಟ್ಟುಕೊಂಡಿದ್ದುದನ್ನೆಲ್ಲ ಭರ್ರನೆ ಹೊರಗೆಸೆಯಿತು. ಅರಿಸಿನ ಹಚ್ಚಿದ ಅಕ್ಕಿ ನಾಗವೇಣಿಯ ಮುಡಿಯ ಹೂದಂಡೆಯ ಮೇಲೆ, ಈರಣ್ಣನ ಮೀಸೆಯ ಮೇಲೆ ಸುರಿಯಿತು. ಹಿಂದೆಯೇ ಗುಡ್ಡದ ತಂಪು ನುಗ್ಗಿ ಬಂತು.

ಈರಣ್ಣ ಕೊಡವಿಕೊಳ್ಳಲು ಕೈಯೆತ್ತಿದ. ನಾಗವೇಣಿ ಅವನ ಕೈ ಹಿಡಿದು ತಡೆದು, ಇನ್ನೊಂದು ಕೈಯಲ್ಲಿ ಫೋನ್ ಹಚ್ಚಿದಳು.

“ಯವ್ವಾ, ಅಕ್ಕಿಕಾಳು ಬಿದ್ದಾವ. ನೀನ ಹಾಕೀದಿ. ಲಗೂನ ಸೀರಿ ಉಟ್ಕೊ, ಕರಿಲಿಕ್ಕೆ ಬರ್ಲಿಕತ್ತೀವಿ!”