ಸಾರಿಸದೆ ಉಳಿದ ಹೆಜ್ಜೆ

ಆ ಮುದುಕಿ ಇನ್ನೂ ಹೋಗಿರಲಿಲ್ಲ.

ನೀಲಾಂಬಿಕೆ ಕಿಟಕಿಯ ಸಂದಿಯಿಂದ ಇಣುಕಿದಳು. ಜಗಲಿ ಹತ್ತದೆ, ಹೊಳೆನರಸೀಪುರದ ಪೇಟೆಬೀದಿಯ ಬಿಸಿಲಿನಲ್ಲೇ ಮುದುಕಿ ಕುಕ್ಕರುಗಾಲಲ್ಲಿ ಕೂತಿದ್ದಳು.

ಮೇಜಿನ ಮೇಲೆ ಪ್ರೂಫ್ ಹಾಳೆಗಳು. ಹಾಸನದ ಪ್ರೆಸ್ಸಿನ ನಂಜಯ್ಯ ಸಂಜೆಯ ಬಸ್ಸಿಗೆ ಅವನ್ನು ಒಯ್ಯಬೇಕು. ಬರ್ಮಾ ಯುದ್ಧಕ್ಕೆ ಹೋಗಿ ಮಡಿದ ಸಿಪಾಯಿ ವೀರಭದ್ರನ ಕಥೆ, ಮಕ್ಕಳಿಗೆಂದು ಅವಳೇ ಬರೆದದ್ದು. ಚೀನಾ ಯುದ್ಧವಾದ ಮೇಲೆ ಎಲ್ಲರಿಗೂ ಒಬ್ಬ ಸಿಪಾಯಿ ಬೇಕಾಗಿದ್ದ. ಪುಸ್ತಕಕ್ಕೆ ಬಹುಮಾನ ಬಂತು. ಈಗ ಶಾಲೆಗಳಿಗಾಗಿ ಎರಡನೆಯ ಮುದ್ರಣ.

ಮುದುಕಿಯನ್ನು ಬೇಗ ಸಾಗಹಾಕಬೇಕು. ನಡುಮನೆಯಲ್ಲಿ ಅತ್ತೆ ಬಸವಲಿಂಗಮ್ಮ ಅವರೆಕಾಯಿ ಸುಲಿಯುತ್ತಿದ್ದಾರೆ. ಅವರ ಕಿವಿ ಬಹಳ ಚುರುಕು.

“ಮತ್ತೇನು?” ನೀಲಾಂಬಿಕೆ ಬಾಗಿಲಲ್ಲಿ ನಿಂತು ಕೇಳಿದಳು.

“ಅದೇ ಅಮ್ಮಾವ್ರೇ. ಬುಕ್ಕಿನಾಗೆ ಇರೋನು ನನ್ ಮಗ ಚಲುವಯ್ಯ.”

“ಅವನು ವೀರಭದ್ರ. ನಾನೇ ಕಟ್ಟಿದ ಪಾತ್ರ. ನೀನು ಊರಿಗೆ ಹೋಗು.”

ಹಾಲು ತರುವ ಕೆಂಚಯ್ಯನಿಗೂ ‘ನೀವು’ ಎನ್ನುವವಳ ಬಾಯಿಂದ ‘ನೀನು’ ತಾನಾಗಿ ಜಾರಿಬಿಟ್ಟಿತ್ತು. ಒಳಗೆ ಅವರೆಕಾಯಿಯ ಸದ್ದು ನಿಂತಿತು.

“ಯಾರೇ ನೀಲಾ ಅದು?” ಬಸವಲಿಂಗಮ್ಮ ಎದ್ದೇ ಬಂದರು.

ಮುದುಕಿ ಎದ್ದು ಹಿಂದಕ್ಕೆ ಸರಿದಳು. “ನಾನು ಹೊನ್ನಕ್ಕ ಕಣ್ರವ್ವಾ, ರಾಮನಾಥಪುರದ ಮಗ್ಗುಲೋಳು. ನಮ್ ಕೇರಿ ಮೇಷ್ಟ್ರು ಐಕ್ಳಿಗೆ ಈ ಅಮ್ಮಾವ್ರ ಬುಕ್ಕು ಓದ್ತಿದ್ರು. ನಾನೂ ಕುಂತು ಕೇಳ್ದೆ. ಸಿಪಾಯಿ ಮನೆ ಬುಟ್ಟು ಓಗೋ ಒತ್ನಾಗೆ ಸಾರ್ಸಿದ ಅಸಿ ನೆಲದ ಮ್ಯಾಗೆ ಅವ್ನ ಎಜ್ಜೆ ಮೂಡ್ತದೆ. ಅವ್ವ ಆ ಎಜ್ಜೆ ಬುಟ್ಟು ಸುತ್ತ ಸಾರಿಸ್ತಾಳೆ, ಅದು ಒಣಗಿ ಪುಡಿಯಾಗೋ ಗಂಟ. ಅಂಗೆ ಮಾಡ್ದೋಳು ನಾನು. ಅದು ನಮ್ ಗುಡ್ಲೊಳಗಿನ ಮಾತು.”

“ಯಾವ ತಾಯಾದ್ರೂ ಹಾಗೇ ಮಾಡ್ತಾಳೆ,” ಎಂದಳು ನೀಲಾಂಬಿಕೆ.

“ಬುಕ್ಕಿನಾಗೆ ಅವ್ನು ಲಿಂಗಪೂಜೆ ಮಾಡ್ಕಂಡು ಯುದ್ದಕ್ಕೆ ನಿಲ್ತಾನಂತಲ್ಲ? ನನ್ ಮಗನ ಕೊಳ್ನಾಗೆ ಕರೀ ದಾರ ಬುಟ್ರೆ ಏನಿತ್ತು ತಾಯಿ? ಊರ ಬಾವಿ ತಾವ್ಕೆ ಬುಡ್ತಿರ್ನಿಲ್ಲ. ಅದ್ಕೇ ಸೇರ್ದ ಪಟಾಲಮ್ಮಿಗೆ. ಅದ್ನೇ ಬರೀದಿದ್ರೆ ಅವ್ನು ಯಾಕೆ ಓದ ಅಂತ ಐಕ್ಳಿಗೆ ಎಂಗೆ ಗೊತ್ತಾಯ್ತದೆ? ಅವ್ನಿಗೊಬ್ಳು ತಂಗಿ ಇದ್ಲು, ಪುಟ್ಟೀರಿ. ಬುಕ್ಕಿನಾಗೆ ಅವ್ಳೂ ಇಲ್ಲ.”

“ಕಥೆಗೆ ಬೇಕಾಗಿರಲಿಲ್ಲ.”

“ಆಗ್ಲಿ. ಅವ್ನ ಎಸ್ರು ಒಂದ ಸರಿ ಮಾಡಿ, ಸಾಕು.”

ಬಸವಲಿಂಗಮ್ಮ ಸೊಂಟಕ್ಕೆ ಕೈಯಿಟ್ಟರು. “ಬಂದ್ಳು ನೋಡು, ನಮ್ಮ ವೀರಭದ್ರನ್ನ ಕೇರಿಗೆ ಹೊತ್ಕೊಂಡು ಹೋಗೋಕೆ! ಸಿಪಾಯಿ ತಾಯಿ ಅವನು ಹೋದ ವಾರಕ್ಕೇ ಸತ್ಲು ಅಂತ ಬರೆದೈತೆ. ನೀನೇನು ದೆವ್ವವಾ?”

ಹೊನ್ನಕ್ಕ ಬೊಚ್ಚುಬಾಯಿ ತೆರೆದು ನಕ್ಕಳು. “ಅದ್ನೂ ಕೇಳ್ದೆ ಕಣ್ರವ್ವಾ. ಸಾಯಿಸ್ಬುಟ್ಟವ್ರೆ.”

“ಇನ್ನೇನು ಮಾಡ್ತಾಳೆ? ತಂದೆತಾಯಿ ಇಲ್ದೆ ಆಶ್ರಮದಲ್ಲಿ ಬೆಳೆದೋಳು ನಮ್ಮ ಸೊಸೆ. ತಾಯಿ ಬದುಕಿರೋ ಕಥೆ ಎಲ್ಲಿಂದ ತಂದು ಬರೀತಾಳೆ?”

ನೀಲಾಂಬಿಕೆ ಬಾಗಿಲಪಟ್ಟಿ ಹಿಡಿದುಕೊಂಡಳು. ಮುದುಕಿ ಇನ್ನೊಂದು ಮಾತು ಆಡಿದರೆ ಸಾಕು, ಕಟ್ಟಿಕೊಂಡದ್ದೆಲ್ಲ ಕುಸಿಯುತ್ತದೆ. ಪುಸ್ತಕ, ಬಹುಮಾನ, ಬೀದಿಯ ಮರ್ಯಾದೆ, ಎಲ್ಲ.

ಹೊನ್ನಕ್ಕನ ನಗು ನಿಂತಿತು. ಅವಳು ನೀಲಾಂಬಿಕೆಯನ್ನು ಕಣ್ತುಂಬ ನೋಡಿದಳು.

“ಅಂಗಾ? ನಂಗೆ ಗೊತ್ತಿರ್ನಿಲ್ಲ. ನಂದೇ ತೆಪ್ಪು. ಬುಕ್ಕಿನೋನು ಬ್ಯಾರೆ ಯಾರೋ ಇರ್ಬೇಕು.” ತುಟಿ ಒರೆಸಿಕೊಂಡಳು. “ವಸಿ ನೀರು ಉಯ್ಯಿ ತಾಯಿ. ಓಯ್ತೀನಿ.”

ನೀಲಾಂಬಿಕೆ ಚೊಂಬು ತಂದಳು. ಮುದುಕಿಯೇ ಬಾಗಿ ಬೊಗಸೆ ಒಡ್ಡಿದಳು. “ಮ್ಯಾಲಿಂದ ಉಯ್ಯಿ. ಅತ್ತೇರು ನೋಡ್ತಾವ್ರೆ.” ಅರ್ಧ ನೀರು ಮಣ್ಣು ಸೇರಿತು.

“ನಿನ್ ಒಟ್ಟೆ ತಣ್ಣಗಿರ್ಲಿ,” ಎಂದು ಹೊನ್ನಕ್ಕ ಬಸ್ಸಿನ ಕಡೆ ನಡೆದಳು. ತಿರುಗಿ ನೋಡಲಿಲ್ಲ.

“ನೋಡ್ದಾ, ಸುಳ್ಳಿ ಹೆಂಗೆ ಜಾರ್ಕೊಂಡ್ಲು!” ಎಂದು ಅತ್ತೆ ಗೆದ್ದವರಂತೆ ಅವರೆಕಾಯಿಗೆ ಮರಳಿದರು.

ನೀಲಾಂಬಿಕೆ ಮೇಜಿನ ಮುಂದೆ ಕೂತಳು, ಎದ್ದಳು, ಮತ್ತೆ ಕೂತಳು. ಮಕ್ಕಳು ಮೆಚ್ಚುವ ಸಿಪಾಯಿ ಮೇಲುಜಾತಿಯವನಾಗಿರಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳುವ ಮೊದಲೇ ಅವಳು ಹಾಗೆ ಬರೆದಿದ್ದಳು. ಈಗ ಲಿಂಗಪೂಜೆಯ ಪುಟದ ಮೇಲೆ ಉದ್ದಕ್ಕೆ ಗೀಟು ಎಳೆದಳು. ಬಾವಿಯ ಮಾತು ಸೇರಿಸಿದಳು. ವೀರಭದ್ರ ಎಂದಿದ್ದಲ್ಲೆಲ್ಲ ಚಲುವಯ್ಯ ಎಂದು ಬರೆದಳು. ತಾಯಿಯ ಸಾವನ್ನು ಹೊಡೆದುಹಾಕಿದಳು. ಹೆಜ್ಜೆಯ ಸುತ್ತ ಸಾರಿಸುತ್ತಿದ್ದ ತಾಯಿಯ ಪಕ್ಕದಲ್ಲಿ, ಸಗಣಿಯ ಮಡಕೆ ಹಿಡಿದು ನಿಂತ ಒಬ್ಬ ಹುಡುಗಿಯನ್ನು ತಂದಳು.

ನಂಜಯ್ಯ ಬಂದವನು ಹಾಳೆ ತಿರುವಿ ತಲೆಯ ಮೇಲೆ ಕೈಹೊತ್ತ. “ಏನಮ್ಮಾ, ಅಚ್ಚು ಜೋಡಿಸಿದ್ದೆಲ್ಲ ಬಿಚ್ಚಿಸ್ತೀರಲ್ಲ! ಇದ್ಯಾರು, ಹೊಸದಾಗಿ ಒಬ್ಳು ಹುಡುಗಿ?”

“ಅವನ ತಂಗಿ ಪುಟ್ಟೀರಿ,” ಎಂದಳು ನೀಲಾಂಬಿಕೆ, ನಡುಮನೆಗೂ ಕೇಳುವಂತೆ. “ಆಶ್ರಮದವರು ಹೆಸರು ಬದಲಾಯಿಸೋವರೆಗೂ ನನ್ನನ್ನ ಹಾಗೇ ಕರೀತಿದ್ರು.”