ಐವತ್ತೈದು ಡಿಗ್ರಿಯಲ್ಲಿ ಎಂಟು ಗಂಟೆ

“ಬಾಗಿಲು ತೆಗೀಬೇಡಿ ಅಕ್ಕ. ನಾಳೆ ಬೆಳಗ್ಗೆವರೆಗೂ ತೆಗೆಯೋ ಹಾಗಿಲ್ಲ,” ಎಂದು ಸಸ್ಯಶಾಸ್ತ್ರದ ಹುಡುಗಿ, ಎಲೆ ಒಣಗಲು ಇಟ್ಟಿದ್ದ ಓವನ್ನಿಗೆ ಬೆನ್ನು ಕೊಟ್ಟು ನಿಂತಳು. ಅವಳೆದುರು ಭಾಷಾ ವಿಭಾಗದ ಮೇಷ್ಟ್ರು, ಹಳೇ ಕಾಲದ ಟೇಪಿನ ಸುರುಳಿಯೊಂದನ್ನು ಎದೆಗವಚಿಕೊಂಡು ನಿಂತಿದ್ದರು. ಇಬ್ಬರ ನಡುವೆ, ಎಲ್ಲರೂ ಮೀಟರ್ ಅಕ್ಕ ಎಂದು ಕರೆಯುವ ರಿಪೇರಿಯವಳು, ಕೈಯಲ್ಲಿ ಸ್ಕ್ರೂಡ್ರೈವರ್.

ವಿಶ್ವವಿದ್ಯಾಲಯದ ರಿಪೇರಿ ಕೋಣೆಯಲ್ಲಿ ಅವಳಿಗದು ಇಪ್ಪತ್ತೊಂಬತ್ತನೇ ವರ್ಷ. ನಕ್ಷತ್ರ ನೋಡುವವರ ದುರ್ಬೀನು, ಹಳೆಯ ನಾಣ್ಯ ತೂಗುವವರ ತಕ್ಕಡಿ, ಎರೆಹುಳದ ಮೇಲೆ ಥೀಸಿಸ್ ಬರೆಯುವವನ ಸೂಕ್ಷ್ಮದರ್ಶಕ, ಮಕ್ಕಳ ನಿದ್ದೆ ಅಳೆಯುವವರ ಪುಟ್ಟ ಯಂತ್ರ, ಕೆಟ್ಟಿದ್ದೆಲ್ಲ ಬಂದು ಬೀಳುತ್ತಿದ್ದುದು ಅವಳ ಮೇಜಿನ ಮೇಲೆಯೇ. ತಂದವರೆಲ್ಲರದೂ ಒಂದೇ ರಾಗ: ನನ್ನದು ಅರ್ಜೆಂಟು. ಮೊದಮೊದಲು ಅವಳು ಅದರಿಂದ ಏನು ಹುಡುಕುತ್ತೀರಿ ಎಂದು ಆಸೆಯಿಂದ ವಿಚಾರಿಸುತ್ತಿದ್ದಳು. ಈಗ ವಿಚಾರಿಸುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಬೆಳಗ್ಗೆ ಒಂಬತ್ತಕ್ಕೇ ಸೊಂಟ ನೋಯತೊಡಗಿತ್ತು.

“ಮೇಷ್ಟ್ರೇ, ಅವಳ ಡಿಪಾರ್ಟ್‌ಮೆಂಟಿನ ಓವನ್ನು ಕೆಟ್ಟಿದೆ ಅಂತ ನಾನೇ ಇಲ್ಲಿ ಜಾಗ ಕೊಟ್ಟಿರೋದು. ಒಂದು ದಿನ ತಡೀರಿ,” ಎಂದಳು.

“ನಾನು ತಡೀತೀನಿ. ಆಸ್ಪತ್ರೇಲಿರೋ ಅಜ್ಜಿ ತಡೀಬೇಕಲ್ಲ.” ಮೇಷ್ಟ್ರು ಹುಡುಗಿಯತ್ತ ತಿರುಗಿದರು. “ನೋಡಮ್ಮ, ಇದರಲ್ಲಿರೋದು ಆ ಅಜ್ಜಿಯ ಅಕ್ಕನ ದನಿ. ಮೂವತ್ತು ವರ್ಷದ ಹಿಂದೆ ನಾನು ನಿನ್ನ ಹಾಗೆ ಓದ್ತಿದ್ದಾಗ ರೆಕಾರ್ಡ್ ಮಾಡಿದ್ದು. ಮುಕ್ಕಾಲು ಗಂಟೆ ತಮ್ಮ ಭಾಷೇಲಿ ಮಾತಾಡಿದ್ರು, ನನಗೆ ಒಂದಕ್ಷರ ತಿಳೀಲಿಲ್ಲ. ಆಮೇಲೆ ಕೇಳಿದ್ರಾಯ್ತು ಅಂದ್ಕೊಂಡೆ. ಆಕೆ ಹೋಗಿಬಿಟ್ರು. ಈಗ ಆ ಭಾಷೆ ಬಲ್ಲವರು ಅಂತ ಉಳಿದಿರೋದು ತಂಗಿ ಒಬ್ರೇ. ಟೇಪು ಹಾಕೋಣ ಅಂದ್ರೆ ತೇವ ಹಿಡಿದು ಸುತ್ತುಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿವೆ.”

“ಐವತ್ತೈದು ಡಿಗ್ರಿಯಲ್ಲಿ ಎಂಟು ಗಂಟೆ ಇಟ್ರೆ ಬಿಟ್ಕೊಳ್ಳುತ್ತೆ. ಒಂದೆರಡು ಸಲ ಕೇಳೋಕೆ ಅಡ್ಡಿಯಿಲ್ಲ,” ಎಂದಳು ಮೀಟರ್ ಅಕ್ಕ.

“ಹಾಗಿದ್ರೆ ನನ್ನ ಎಲೆಗಳ ಜೊತೇಲೇ ಇಡಿ.”

“ಹಸಿ ಎಲೆ ಆವಿ ಬಿಡುತ್ತೆ ಕಣಮ್ಮ. ಟೇಪು ಕೆಟ್ಟಿರೋದೇ ತೇವದಿಂದ.”

ಹುಡುಗಿ ಓವನ್ನಿನತ್ತ ಬೆರಳು ತೋರಿಸಿದಳು. ಅರವತ್ತೆರಡು ಪೊಟ್ಟಣ ಚಿಗುರು. ಬೆಂಕಿ ಬಿದ್ದ ಗುಡ್ಡವನ್ನು ಮಂಡಿಯೂರಿ ಹತ್ತಿ ತಂದದ್ದು. ಎರಡು ದಿನ ಒಂದೇ ಸಮನೆ ಒಣಗಬೇಕು, ನಡುವೆ ಹೊರಗೆ ತೆಗೆದರೆ ತೂಕ ನಂಬುವಂತಿಲ್ಲ. ಚಿಗುರು ಬರುವುದು ವರ್ಷಕ್ಕೊಮ್ಮೆ. ಅವಳ ಸಂಶೋಧನೆಗಾಗಲೇ ಐದನೇ ವರ್ಷ ನಡೆಯುತ್ತಿತ್ತು. ಇನ್ನೂ ಎಷ್ಟು ದಿನ ಓದ್ತೀಯೇ ಎಂದು ಮನೆಯಲ್ಲಿ ಅಮ್ಮ ಕೇಳುವುದನ್ನೂ ಬಿಟ್ಟಿದ್ದಳು. ಇದನ್ನೆಲ್ಲ ಅವಳು ಅಳದೆ, ಬಾಯಿಪಾಠ ಒಪ್ಪಿಸುವಂತೆ ಒಪ್ಪಿಸಿದಳು.

“ನೀವೇ ಹೇಳಿ ಅಕ್ಕ, ಯಾರದು ದೊಡ್ಡದು?”

ಮೀಟರ್ ಅಕ್ಕ ಸ್ಟೂಲು ಎಳೆದುಕೊಂಡು ಕುಳಿತಳು. “ನನ್ನನ್ನ ಕೇಳಬೇಡಮ್ಮ. ಯಾರದು ದೊಡ್ಡದು ಅಂತ ಹೇಳೋ ಯಂತ್ರ ಇಲ್ಲಿ ಯಾವುದೂ ಇಲ್ಲ. ನನಗೂ ಸಾಕಾಗಿದೆ. ಇಬ್ಬರೂ ಮಾತಾಡ್ಕೊಂಡು ಹೇಳಿ, ಬಾಗಿಲು ತೆಗೀತೀನಿ.”

ಹುಡುಗಿ ಮೇಷ್ಟ್ರ ಕೈಯಲ್ಲಿದ್ದ ಸುರುಳಿಯನ್ನು ನೋಡಿ ಕೇಳಿದಳು, “ಆ ಅಜ್ಜಿಗೆ ಎಷ್ಟು ವಯಸ್ಸು ಸರ್?”

“ತೊಂಬತ್ತೊಂದು.”

“ಗಿಡ ಮುಂದಿನ ವರ್ಷ ಮತ್ತೆ ಚಿಗುರುತ್ತೆ,” ಎಂದು ಅವಳು ತಾನೇ ಬಾಗಿಲು ತೆಗೆದು, ಬಿಸಿ ಪೊಟ್ಟಣಗಳನ್ನು ಒಂದೊಂದಾಗಿ ಟ್ರೇಗೆ ಎತ್ತಿಟ್ಟಳು. ಮೇಷ್ಟ್ರು ಏನೋ ಹೇಳಲು ಹೋದರು. ಅವಳು ಅತ್ತ ನೋಡಲಿಲ್ಲ.

ಸಂಜೆಯ ಹೊತ್ತಿಗೆ ಟೇಪು ಬಿಟ್ಟುಕೊಂಡಿತು. ರಾತ್ರಿಯೆಲ್ಲ ಆರಲು ಬಿಟ್ಟು, ಮರುದಿನ ಬೆಳಗ್ಗೆ ಮೀಟರ್ ಅಕ್ಕ ಅದನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಟ್ಟಳು. ಮೇಷ್ಟ್ರು ತಿಂಡಿಯನ್ನೂ ತಿನ್ನದೆ ಆಸ್ಪತ್ರೆಗೆ ಓಡಿದರು. ಅದೇ ಹೊತ್ತಿಗೆ ಹುಡುಗಿಯ ಗೈಡು ಪೊಟ್ಟಣಗಳನ್ನು ನೋಡಿ, ಈ ಸಲದ್ದು ಬೇಡ, ಮುಂದಿನ ವರ್ಷ ಹೊಸದಾಗಿ ಮಾಡು ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದರು.

ಐದು ಗಂಟೆಗೆ ಮೇಷ್ಟ್ರು ವಾಪಸು ಬಂದಾಗ ಹುಡುಗಿ ಎಲೆಗಳನ್ನು ಕಸದ ಚೀಲಕ್ಕೆ ಸುರಿಯುತ್ತಿದ್ದಳು. “ಅರ್ಥ ಏನಂತೆ ಸರ್?” ಎಂದಳು, ಕೈ ನಿಲ್ಲಿಸದೆ.

ಮೇಷ್ಟ್ರು ಬೆಂಚಿನ ತುದಿಯಲ್ಲಿ ಕುಳಿತರು. “ದನಿ ಕೇಳಿದ ಕೂಡಲೇ ಅಜ್ಜಿ ಕಣ್ಣು ಬಿಟ್ರು. ಟೇಪಲ್ಲಿ ಅಕ್ಕ ನಡುನಡುವೆ ಸುಮ್ಮನಾಗ್ತಾರೆ. ನೆನಪು ಮಾಡ್ಕೊಳ್ತಿದಾರೆ ಅಂತ ನಾನು ಇಷ್ಟು ವರ್ಷ ತಿಳ್ಕೊಂಡಿದ್ದೆ. ಆ ಜಾಗದಲ್ಲೆಲ್ಲ ತಂಗಿ ಉತ್ತರ ಕೊಡ್ತಾ ಹೋದ್ರು. ಒಂದು ಸಲ ನಕ್ಕರು ಕೂಡ. ಮುಗಿದ ಮೇಲೆ ಕಣ್ಣು ಮುಚ್ಚಿದ್ರು. ಮತ್ತೆ ಎಚ್ಚರ ಆಗಿಲ್ಲ. ಡಾಕ್ಟ್ರು ಕೈಚೆಲ್ಲಿದಾರೆ.”

“ಅದನ್ನ ರೆಕಾರ್ಡ್ ಮಾಡ್ಕೊಂಡ್ರಾ?” ಮೀಟರ್ ಅಕ್ಕ ಕೇಳಿದಳು. ವರ್ಷಗಳ ಮೇಲೆ ಅವಳಾಗಿಯೇ ಕೇಳಿದ ಪ್ರಶ್ನೆ ಅದು.

“ಫೋನು ಜೇಬಲ್ಲೇ ಇತ್ತು,” ಎಂದು ಮೇಷ್ಟ್ರು ತಲೆ ಅಲ್ಲಾಡಿಸಿದರು.

ಹುಡುಗಿ ಚೀಲವನ್ನು ನೆಲಕ್ಕೆ ಕುಕ್ಕಿದಳು. “ಒಂದು ನಿಮಿಷ ನಿಲ್ಲಿಸಿ ಅರ್ಥವಾದ್ರೂ ಕೇಳಬಹುದಿತ್ತಲ್ಲ ಸರ್?”

“ಅಕ್ಕತಂಗಿ ಮಾತಾಡ್ತಾ ಇದ್ರಮ್ಮ,” ಎಂದರು ಮೇಷ್ಟ್ರು. “ಮಧ್ಯೆ ಬಾಯಿ ಹಾಕೋದು ಹೇಗೆ?”