ನ್ಯಾಯವಾಗಿ ಎಷ್ಟು ಕೊಡಬಹುದು?

ಹೊದಿಕೆ ಸರಿದ ಕ್ಷಣವೇ ಸೈಕಲ್ ಅಂಗಡಿಯವನ ಬಾಯಲ್ಲಿ ನೀರೂರಿತು. ಮುಖದಲ್ಲಿ ತೋರಿಸಬಾರದು, ಅಷ್ಟೇ. ಬೇಕೆಂದೇ ಒಂದು ಆಕಳಿಕೆ ತೆಗೆದ.

ಹಳೇ ಕಾಲದ ಉಕ್ಕಿನ ಮೌಂಟನ್ ಬೈಕ್. ಈಗ ಹುಡುಕಿದರೂ ಸಿಗದ ಜಾತಿ. ಬಣ್ಣ ಅಲ್ಲಲ್ಲಿ ಎದ್ದಿತ್ತು, ನಿಜ. ಆದರೆ ಕೊಳವೆಗಳು ಕೂಡುವಲ್ಲಿ ಬೆಸುಗೆ ಬೆಣ್ಣೆ ಸವರಿದ ಹಾಗೆ ನುಣುಪಾಗಿತ್ತು.

ತಳ್ಳಿಕೊಂಡು ಬಂದವಳು ನಡುವಯಸ್ಸಿನ ದರ್ಜಿ. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಒಳಗೆ ಬರಲೂ ಸಂಕೋಚಪಟ್ಟು ಬಾಗಿಲಲ್ಲೇ ನಿಂತಳು.

"ಕೇಳೋಕೇ ನಾಚಿಕೆ ಆಗುತ್ತೆ ಅಣ್ಣಾ. ಇದಕ್ಕೆ ನ್ಯಾಯವಾಗಿ ಎಷ್ಟು ಕೊಡಬಹುದು?"

ಈ ನಾಚಿಕೆ ಅವನಿಗೆ ಹೊಸದಲ್ಲ. ಮನೆಯ ಸಾಮಾನು ಮಾರಲು ಬಂದವರೆಲ್ಲ ಹೀಗೇ ನೆಲ ನೋಡುತ್ತಾರೆ. ನೆಲ ನೋಡುವವರ ಹತ್ತಿರ ಚೌಕಾಸಿ ಸುಲಭ.

"ಯಾಕಕ್ಕಾ, ಇಷ್ಟು ದಿನ ಇಟ್ಕೊಂಡು ಈಗ ಮಾರೋದು?"

"ಓಡಿಸ್ತಿದ್ದೋರಿಗೆ ಕಣ್ಣು ಮಂಜಾಗಿದೆ. ಆಪರೇಷನ್ ಆಗ್ಬೇಕು, ದುಡ್ಡು ಸಾಲ್ತಿಲ್ಲ."

ಗಂಡನಿರಬೇಕು, ಪಾಪ, ಎಂದುಕೊಂಡ. ಪಾಪ ಎನ್ನುತ್ತಲೇ ಕೈ ಸೈಕಲ್ಲಿನ ಮೈಮೇಲೆ ಓಡಾಡಿತು. ಉಗುರಿನಿಂದ ತಟ್ಟಿದ. ಟಿಣ್ ಎಂದಿತು. ತೆಳುವಾದ, ಗಟ್ಟಿ ಉಕ್ಕು.

ಹೀಗೆ ಕಿವಿಯಿಂದ ಸೈಕಲ್ ನೋಡುವುದನ್ನು ಕಲಿಸಿದವನು ಅವನ ಅಣ್ಣ. ಹೊರಗೆ 'ಅಣ್ಣ ತಮ್ಮ ಸೈಕಲ್ ಅಂಗಡಿ' ಎಂದು ಹಲಗೆ ಬರೆದವನೂ ಅವನೇ. ಅಕ್ಷರಗಳೆಲ್ಲ ಇವತ್ತಿಗೂ ಎಡಕ್ಕೆ ವಾಲಿಕೊಂಡಿವೆ. ಗಿರಾಕಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ ಅಂಗಡಿಯ ಲಾಭಕ್ಕೆ ಕಲ್ಲು ಹಾಕುತ್ತಿದ್ದ ಮಹಾನುಭಾವ. ಕೊನೆಗೆ ತಮ್ಮನೇ, "ನೀನಿನ್ನು ಆರಾಮಾಗಿರು" ಎಂದು ನಯವಾಗಿ ಕಳಿಸಿಕೊಟ್ಟ. ನೋಡಲು ಹೋಗಬೇಕು, ಇವತ್ತು ನಾಳೆ ಎನ್ನುತ್ತಲೇ ವರ್ಷಗಳು ಕಳೆದವು. ಅದು ನೆನಪಾದಾಗಲೆಲ್ಲ ಅವನು ಬೇರೆ ಏನಾದರೂ ಕೆಲಸ ಹಿಡಿಯುತ್ತಾನೆ. ಈಗಲೂ ಸೀಟು ಕಳಚಿ ಕೊಳವೆಯೊಳಗೆ ಬೆರಳು ಹಾಕಿದ.

ಬೆರಳು ಜಿಡ್ಡಾಯಿತು. ಯಾರೋ ತುಕ್ಕು ಹಿಡಿಯದಿರಲೆಂದು ಒಳಗೆ ಎಣ್ಣೆ ಬಿಟ್ಟಿದ್ದಾರೆ! ಇಷ್ಟು ಮುತುವರ್ಜಿ ಯಾರಿಗಿರುತ್ತದೆ? ಹಳೇ ಸೈಕಲ್ ಹುಚ್ಚಿನ ಹಲ್ಲಿನ ಡಾಕ್ಟರೊಬ್ಬರು ಇದಕ್ಕೆ ಕಣ್ಣುಮುಚ್ಚಿಕೊಂಡು ಐವತ್ತು ಸಾವಿರ ಕೊಡುತ್ತಾರೆ. ಇವಳಿಗೆ ಮೂವತ್ತು ಕೊಟ್ಟರೆ ನ್ಯಾಯ. ಅದು ಅವನಿಗೆ ಚೆನ್ನಾಗಿ ಗೊತ್ತು.

"ಒಳಗೆಲ್ಲ ತುಕ್ಕು ಅಕ್ಕಾ," ಎಂದು ರಾಗ ಎಳೆದ, ಜಿಡ್ಡಿನ ಬೆರಳನ್ನು ಬೆನ್ನ ಹಿಂದೆ ಪ್ಯಾಂಟಿಗೆ ಒರೆಸಿಕೊಳ್ಳುತ್ತ. "ಬರೀ ಕಬ್ಬಿಣ. ಈಗಿನ ಕಾಲದಲ್ಲಿ ಯಾರು ಕಬ್ಬಿಣ ತುಳೀತಾರೆ? ಬ್ರೇಕು, ಗೇರು ಎಲ್ಲ ಉಲ್ಟಾ ಬೇರೆ ಜೋಡಿಸಿದ್ದಾರೆ. ಯಾವ ಪುಣ್ಯಾತ್ಮನ ಕೆಲಸವೋ!"

"ಜೋಡಿಸಿದೋರಿಗೆ ಹಾಗೇ ಅನುಕೂಲವಂತೆ," ಎಂದಳು ಮೆಲ್ಲಗೆ.

"ಅವರಿಗೇನೋ ಅನುಕೂಲ. ಬಿಚ್ಚಿ ಸರಿಮಾಡೋಕೆ ನನಗೆ ಅರ್ಧ ದಿನ." ಇಪ್ಪತ್ತು ಎನ್ನೋಣವೆಂದುಕೊಂಡ. ಹೋಗಲಿ, ಹತ್ತು. ಬಾಯಿಂದ ಬಂದದ್ದೇ ಬೇರೆ. "ನಾಲ್ಕು ಸಾವಿರ. ಅದರ ಮೇಲೆ ಒಂದು ಕಾಸೂ ಹೆಚ್ಚಲ್ಲ."

ಅವಳು ಥಟ್ಟನೆ ತಲೆ ಎತ್ತಿದಳು. "ಅಷ್ಟೇನಾ? ಅಯ್ಯೋ, ಅಷ್ಟರಲ್ಲಿ ಆಪರೇಷನ್ ಹೇಗಾಗುತ್ತೆ? ಇನ್ನೊಂದು ಸಲ ಸರಿಯಾಗಿ ನೋಡಿ ಹೇಳಿ ಅಣ್ಣಾ."

ಅವನ ಕಿವಿ ಬಿಸಿಯಾಯಿತು. ತಿದ್ದಿಕೊಳ್ಳಲು ಇದೇ ಸಮಯವೆಂದು ಗೊತ್ತಿತ್ತು. ಆದರೆ ಆಡಿದ ಮಾತನ್ನು ನುಂಗಿಕೊಳ್ಳುವುದು ಹೇಗೆ? ಈಗ ನೆಲ ನೋಡುವ ಸರದಿ ಅವನದಾಯಿತು.

"ಎಷ್ಟು ಸಲ ನೋಡಿದ್ರೂ ಅಷ್ಟೇ. ಸ್ವಂತ ತಮ್ಮ ಹೇಳ್ತಿದ್ದಾನೆ ಅಂದ್ಕೊಳ್ಳಿ ಅಕ್ಕಾ."

"ಆ ನಂಬಿಕೆ ಮೇಲೇ ಬಂದಿದ್ದು," ಎಂದಳು. ನಿಟ್ಟುಸಿರು ಬಿಟ್ಟಳು.

ಅವನು ಗಲ್ಲಾ ಪೆಟ್ಟಿಗೆ ತೆರೆದ. ನೋಟು ತೆಗೆಯುವಾಗ ತನ್ನ ಮೇಲೇ ಹೇಸಿಗೆಯೆನಿಸಿತು. ಕಣ್ಣಿನ ವಿಷಯ, ಇರಲಿ, ಎಂದು ಇನ್ನೊಂದು ಐನೂರು ಸೇರಿಸಿದ. ಸೇರಿಸಿದ ಮೇಲೆ ಇನ್ನಷ್ಟು ಹೇಸಿಗೆಯಾಯಿತು. ಅವಳ ಮುಖ ನೋಡದೆ ಕೈ ಚಾಚಿದ.

ನೋಟನ್ನು ಯಾರೂ ತೆಗೆದುಕೊಳ್ಳಲಿಲ್ಲ. ಅವಳು ಸೈಕಲ್ಲಿಗೆ ಮತ್ತೆ ಹೊದಿಕೆ ಹೊದಿಸುತ್ತಿದ್ದಳು.

"ಇದೇನಣ್ಣಾ, ನೀವ್ಯಾಕೆ ಕೊಡ್ತೀರಿ? ಕೊಳ್ಳೋಳು ನಾನು, ನನ್ನ ಮಗಳಿಗೆ. ನಾನೆಷ್ಟು ಕೊಡಬಹುದು ಅಂತ ಕೇಳಿದ್ದು." ಅವಳ ದನಿಯಲ್ಲಿ ಅಳುವಿತ್ತು. "ನಮ್ಮ ಮಹಡಿ ಮೇಲೆ ಬಾಡಿಗೆಗಿರೋರದ್ದು ಇದು. ಈ ಅಂಗಡಿ ಬಿಟ್ಟು ಬಂದ ಮೇಲೆ ಗುಜರಿಯಿಂದ ತಂದು, ತಮ್ಮ ಎಡಗೈಗೆ ಒಗ್ಗೋ ಹಾಗೆ ಜೋಡಿಸ್ಕೊಂಡಿದ್ರು. ನಾನು ಮೂವತ್ತು ಸಾವಿರ ಕೊಡ್ತೀನಿ ಅಂದೆ, ಒಪ್ಪಲಿಲ್ಲ. ನನ್ನ ತಮ್ಮ ಹೇಳಿದ್ದೇ ಬೆಲೆ, ಒಂದು ಕಾಸು ಹೆಚ್ಚಾದ್ರೂ ಮುಟ್ಟಲ್ಲ ಅಂದ್ಬಿಟ್ರು."

ನೋಟು ಹಿಡಿದ ಕೈ ಗಾಳಿಯಲ್ಲೇ ಉಳಿಯಿತು.

"ಸೈಕಲ್ ಅವರದ್ದು ಅಂತ ಮಾತ್ರ ನಿಮಗೆ ಮೊದಲೇ ಹೇಳ್ಬೇಡಿ ಅಂದಿದ್ರು," ಎಂದಳು ದರ್ಜಿ, "ಅಣ್ಣ ಅನ್ನೋ ಪ್ರೀತಿಗೆ ಪಾಪ ಜಾಸ್ತಿ ಹೇಳಿಬಿಡ್ತಾನೆ, ಅಂತ."